ರಕ್ಷಣೆಗೆ ಕಟ್ಟಿದ ಷರತ್ತು

2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿನಂದು ಮೈಕ್ರೋಸಾಫ್ಟ್ ಕಂಪನಿಯವರು ವಿಂಡೋಸ್ 10ಕ್ಕೆ ಉಚಿತವಾಗಿ ಒದಗಿಸುತ್ತಿದ್ದ ಭದ್ರತಾ ತಿದ್ದುಪಡಿಗಳನ್ನು ನಿಲ್ಲಿಸಿದರು. 2015ರಲ್ಲಿ ಹೊರಬಂದ ಸರಕನ್ನು ಹತ್ತು ವರ್ಷ ಪೋಷಿಸಿದವರು ಈಗ ಕೈಬಿಟ್ಟುದನ್ನೇ ಮಹಾಪರಾಧವೆಂದು ನಾವು ಸಾರುವವರಲ್ಲ. ಆದರೆ ಅದರ ಮುಂದಿನದಾದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಕಂಪನಿಯ ಪಟ್ಟಿಗೆ ಸೇರಿದ ಪ್ರೊಸೆಸರೂ ಇಲ್ಲದ ಯಂತ್ರವನ್ನು ಒಪ್ಪಿಕೊಳ್ಳುವುದಿಲ್ಲ. ಹೀಗಾಗಿ ಯಾವ ಕುಂದೂ ಇಲ್ಲದೆ ದುಡಿಯುತ್ತಿರುವ ಎಷ್ಟೋ ಕಂಪ್ಯೂಟರುಗಳು ಒಂದೇ ದಿನದಲ್ಲಿ ಅರಕ್ಷಿತವಾದುವು.

ಇದಕ್ಕೆ ಪರಿಹಾರವೆಂದು ಕಂಪನಿಯವರು 2025ರ ಜೂನ್ ತಿಂಗಳಲ್ಲಿ ಮನೆಬಳಕೆದಾರರಿಗೆ ಒಂದು ವರ್ಷದ, ಎಂದರೆ 2026ರ ಅಕ್ಟೋಬರ್ 13ರ ವರೆಗಿನ, ವಿಸ್ತರಣೆಯನ್ನು ಪ್ರಕಟಿಸಿದರು. ಮೂವತ್ತು ಡಾಲರು ತೆರುವುದು ಒಂದು ದಾರಿ; ಕಂಪನಿಯ ರಿವಾರ್ಡ್ಸ್ ಯೋಜನೆಯ ಸಾವಿರ ಅಂಕಗಳನ್ನು ಒಪ್ಪಿಸುವುದು ಮತ್ತೊಂದು; ಹಣವನ್ನೂ ಅಂಕಗಳನ್ನೂ ಕೊಡಲೊಲ್ಲದವನು ತನ್ನ ಯಂತ್ರದ ಸೆಟ್ಟಿಂಗುಗಳನ್ನು ಕಂಪನಿಯ ಕ್ಲೌಡಿಗೆ ಸಿಂಕ್ ಮಾಡತಕ್ಕದ್ದು, ಇದು ಮೂರನೆಯದು. ನಮ್ಮ ಆಕ್ಷೇಪವಿರುವುದು ಈ ಮೂರನೆಯ ದಾರಿಯ ಮೇಲೆ. ಭದ್ರತಾ ತಿದ್ದುಪಡಿಗೂ ಕ್ಲೌಡ್ ಸಿಂಕಿಗೂ ಕಾರ್ಯಕಾರಣ ಸಂಬಂಧವು ಏನೇನೂ ಇಲ್ಲ. ಮನೆಯ ಬಾಗಿಲಿನ ಅಗುಳಿ ಸಡಿಲವಾಗಿದೆ, ಸರಿಪಡಿಸಿಕೊಡು ಎಂದು ಕಟ್ಟಿಕೊಟ್ಟ ಬಡಗಿಯನ್ನೇ ಕೇಳಿದರೆ, ನಿಮ್ಮ ಮನೆಯ ಸಾಮಾನಿನ ಪಟ್ಟಿಯನ್ನು ನನ್ನ ಉಗ್ರಾಣದಲ್ಲಿ ಇಟ್ಟರೆ ಮಾತ್ರ ಎಂದು ಅವನು ಉತ್ತರಿಸಿದಂತಾಯಿತು.

ತಿದ್ದುಪಡಿಯೆಂದರೆ ಕಂಪನಿಯು ದಯಪಾಲಿಸುವ ಬಹುಮಾನವಲ್ಲ. ತಾನೇ ಮಾರಿದ ಸರಕಿನಲ್ಲಿ ತಾನೇ ಉಳಿಸಿದ ದೋಷದ ರಿಪೇರಿ. ಅದು ತಪ್ಪಿದರೆ ಏನಾಗುತ್ತದೆಂಬುದಕ್ಕೆ 2017ರ ವಾನಾಕ್ರೈ ಪ್ರಕರಣವೇ ಸಾಕ್ಷಿ. ವಿಂಡೋಸಿನ ಫೈಲು ಹಂಚಿಕೆಯ ಭಾಗದಲ್ಲಿದ್ದ ರಂಧ್ರವೊಂದಕ್ಕೆ ಆ ವರ್ಷದ ಮಾರ್ಚ್ 14ರಂದು ತಿದ್ದುಪಡಿ ಹೊರಟಿತ್ತು. ಹಾಕಿಕೊಳ್ಳದೆ ಉಳಿದವರ ಯಂತ್ರಗಳನ್ನು ಮೇ 12ರಂದು ಆ ಪೀಡೆಯು ಹೊಕ್ಕು, ಫೈಲುಗಳಿಗೆಲ್ಲ ಬೀಗ ಜಡಿದು, ಬಿಡಿಸಲು ಮುನ್ನೂರು ಡಾಲರಿನ ಬಿಟ್‌ಕಾಯಿನ್ ಒತ್ತೆಹಣವನ್ನು ಕೇಳಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ 236 ಟ್ರಸ್ಟುಗಳ ಪೈಕಿ ಕನಿಷ್ಠ 81ಕ್ಕೆ ಇದರ ಬಾಧೆ ತಟ್ಟಿತೆಂದು ಆ ದೇಶದ ಲೆಕ್ಕಪರಿಶೋಧನಾ ಕಚೇರಿಯೇ ವರದಿಮಾಡಿದೆ. ಶಸ್ತ್ರಚಿಕಿತ್ಸೆಗೆಂದು ದಿನ ಗೊತ್ತಾಗಿದ್ದ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆಗ ಮೈಕ್ರೋಸಾಫ್ಟಿನವರು ಮಾಡಿದ ಒಂದು ಕೆಲಸವನ್ನು ವಾಚಕರು ಲಕ್ಷ್ಯದಲ್ಲಿಡಬೇಕು. 2014ರಲ್ಲೇ ತಾವು ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಆ ತಿದ್ದುಪಡಿಯನ್ನು ಅವರು ಉಚಿತವಾಗಿ, ಷರತ್ತಿಲ್ಲದೆ ಬಿಡುಗಡೆ ಮಾಡಿದರು. ಮನಸ್ಸಿದ್ದರೆ ಮಾರ್ಗವಿತ್ತೆಂಬುದು ಅವರದೇ ಆಚರಣೆಯಿಂದ ಸಿದ್ಧವಾಗಿದೆ.

ಇನ್ನು, ನಮ್ಮ ಫೈಲುಗಳನ್ನು ಅವರ ಕೈಗೆ ಒಪ್ಪಿಸಿದರೆ ಅವು ಸುರಕ್ಷಿತವೇ? 2018ರ ಅಕ್ಟೋಬರ್ 2ರಂದು ಹೊರಟ ವಿಂಡೋಸ್ 10ರ 1809 ಎಂಬ ಆವೃತ್ತಿಯ ಕಥೆಯನ್ನು ನೋಡೋಣ. ದಾಖಲೆಗಳ ಫೋಲ್ಡರನ್ನು ಒನ್‌ಡ್ರೈವಿಗೋ ಬೇರೊಂದು ಡಿಸ್ಕಿಗೋ ತಿರುಗಿಸಿಕೊಂಡಿದ್ದ ಕೆಲವರ ಹಳೆಯ ಫೋಲ್ಡರಿನಲ್ಲಿ ಇನ್ನೂ ಫೈಲುಗಳು ಉಳಿದಿದ್ದುವು. ಹೊಸ ಆವೃತ್ತಿಯು ಆ ಹಳೆಯ ಫೋಲ್ಡರನ್ನು ನಿರುಪಯುಕ್ತ ಶೇಷವೆಂದು ಬಗೆದು, ಒಳಗಿದ್ದುದನ್ನೂ ಸೇರಿಸಿ ಅಳಿಸಿಹಾಕಿತು. ಬೇಲಿಯೇ ಎದ್ದು ಹೊಲವನ್ನು ಮೇಯ್ದಿತು! ಕೆಲವೇ ದಿನಗಳಲ್ಲಿ ವಿತರಣೆಯನ್ನು ನಿಲ್ಲಿಸಿ, ದೋಷವನ್ನು ತಿದ್ದಿ, ನವೆಂಬರ್ 13ರಂದು ಮರಳಿ ಬಿಟ್ಟರು. ಇಂಥ ದೂರುಗಳು ಹತ್ತು ಸಾವಿರಕ್ಕೆ ಒಂದರಷ್ಟೇ ಎಂದು ಕಂಪನಿಯವರ ಸಮಾಧಾನ. ಆ ಒಂದರಲ್ಲಿ ತನ್ನ ಮಗುವಿನ ಭಾವಚಿತ್ರಗಳಿದ್ದವನಿಗೆ ಈ ಲೆಕ್ಕದಿಂದ ಆಗುವ ಪ್ರಯೋಜನವೇನು?

ಇದು ಒಂದೇ ಕಂಪನಿಯ ದೋಷವೂ ಅಲ್ಲ. 2023ರ ನವೆಂಬರಿನಲ್ಲಿ ಗೂಗಲ್ ಡ್ರೈವಿನ ಕಂಪ್ಯೂಟರ್ ಆವೃತ್ತಿ 84ನ್ನು ಬಳಸುತ್ತಿದ್ದ ಕೆಲವರ ಫೈಲುಗಳು ಸಿಂಕ್ ಆಗದೆ ಕಾಣೆಯಾದುವು. ಖಾತೆಯ ಸಂಪರ್ಕವನ್ನು ಕಡಿಯಬೇಡಿರಿ, ಫೋಲ್ಡರನ್ನು ಮುಟ್ಟಬೇಡಿರಿ ಎಂದು ಎಚ್ಚರಿಸಿ, ಮರಳಿ ಪಡೆಯುವ ಉಪಾಯವನ್ನು ಆಮೇಲೆ ಒದಗಿಸಿದರು.

ಇಲ್ಲಿ ಜನರಲ್ಲಿ ನೆಲೆಸಿರುವ ಭ್ರಮೆಯೊಂದನ್ನು ತಿದ್ದುವುದು ನಮ್ಮ ಕರ್ತವ್ಯವಾಗಿದೆ. ಸಿಂಕ್ ಬೇರೆ, ಪ್ರತಿಯಿಟ್ಟುಕೊಳ್ಳುವುದು ಬೇರೆ. ಸಿಂಕ್ ಎಂಬುದು ಕನ್ನಡಿ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ಒನ್‌ಡ್ರೈವಿನ ಖಾಸಗಿ ಖಾತೆಯಲ್ಲಿ ಅಳಿಸಿದ ಫೈಲು ಕಸದ ಬುಟ್ಟಿಯಲ್ಲಿ ಸಾಮಾನ್ಯವಾಗಿ ಮೂವತ್ತು ದಿನ ಮಾತ್ರ ಉಳಿಯುತ್ತದೆ. ಉಚಿತವಾದ ಸ್ಥಳವಾದರೋ ಐದು ಜಿಬಿ. ಫೋಲ್ಡರಿನಲ್ಲಿ ಫೈಲಿನ ಹೆಸರು ಕಂಡರೂ ಒಡಲು ಕ್ಲೌಡಿನಲ್ಲೇ ಇರಬಹುದು. ಇಂಟರ್ನೆಟ್ ಕಡಿದ ದಿನ ಹೆಸರನ್ನು ನೋಡುತ್ತ ಕುಳಿತಿರಬೇಕು. ಇಂತಹ ಏರ್ಪಾಡನ್ನು ತಿಳಿದು, ಬೇಕೆಂದು ಆರಿಸಿಕೊಳ್ಳುವವರಿಗೆ ನಮ್ಮ ಅಡ್ಡಿಯಿಲ್ಲ. ಅದನ್ನು ರಕ್ಷಣೆಯ ಬೆಲೆಯನ್ನಾಗಿ ಮಾಡುವುದು ಬೇರೆ ಮಾತು.

ಯೂರೋಪಿನವರು ಸುಮ್ಮನಿರಲಿಲ್ಲ. ಅಲ್ಲಿನ ಗ್ರಾಹಕ ಸಂಸ್ಥೆಯಾದ ಯೂರೋಕನ್ಸ್ಯೂಮರ್ಸ್ ಆಕ್ಷೇಪಿಸಿದ ಮೇಲೆ, 2025ರ ಸೆಪ್ಟೆಂಬರಿನಲ್ಲಿ, ಯೂರೋಪಿನ ಆರ್ಥಿಕ ವಲಯದ ಮಟ್ಟಿಗೆ ಈ ಕ್ಲೌಡಿನ ಷರತ್ತು ರದ್ದಾಯಿತು; ಕಂಪನಿಯ ಖಾತೆಯಿಂದ ಒಳಹೊಕ್ಕರೆ ಸಾಕೆಂದಾಯಿತು. ಸರಕು ಅದೇ, ದೋಷ ಅದೇ, ತಿದ್ದುಪಡಿಯೂ ಅದೇ. ಪ್ಯಾರಿಸಿನ ಬಳಕೆದಾರನಿಗೆ ಬೇಡವಾದ ಷರತ್ತು ಹುಬ್ಬಳ್ಳಿಯವನಿಗೆ ಏತಕ್ಕೆ ಬೇಕು?

ನಮ್ಮಲ್ಲಿ ಕಾನೂನಿಲ್ಲವೆನ್ನುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ಉತ್ಪನ್ನದಿಂದಾದ ಹಾನಿಗೆ ತಯಾರಕನನ್ನು ಹೊಣೆ ಮಾಡಿದೆ. ಆದರೆ ಉತ್ಪನ್ನವೆಂದರೆ ಅನಿಲ, ದ್ರವ ಅಥವಾ ಘನ ಸ್ಥಿತಿಯಲ್ಲಿರುವ ವಸ್ತುವೆಂದು ಅದರ ವ್ಯಾಖ್ಯೆ. ವಿಂಡೋಸ್ ಈ ಮೂರರಲ್ಲಿ ಯಾವುದೋ ಪಂಡಿತರು ಹೇಳಬೇಕು! ಕೇಂದ್ರ ಸರಕಾರದವರು ಆ ವ್ಯಾಖ್ಯೆಯಲ್ಲಿ ತಂತ್ರಾಂಶವನ್ನು ಸ್ಪಷ್ಟ ಶಬ್ದಗಳಲ್ಲಿ ಸೇರಿಸಬೇಕು. ಯೂರೋಪಿನವರಿಗೆ ದೊರೆತ ರಿಯಾಯಿತಿಯನ್ನು ಭಾರತದ ಬಳಕೆದಾರರಿಗೂ ಕೊಡುವಂತೆ ಕಂಪನಿಯವರಿಗೆ ಬರೆಯಬೇಕು. ಇದು ಒಂದು ಪತ್ರದ ಕೆಲಸ.

ಅಲ್ಲಿಯ ವರೆಗೆ ವಾಚಕರು ತಿದ್ದುಪಡಿಗಳನ್ನು ಮುಂದೂಡಬಾರದು. ಕೋಪದಿಂದ ಅವನ್ನು ತಿರಸ್ಕರಿಸಿದರೆ ನಷ್ಟ ಕಂಪನಿಗಲ್ಲ. ದೊಡ್ಡ ಆವೃತ್ತಿಯೊಂದನ್ನು ಹಾಕಿಕೊಳ್ಳುವ ಮುನ್ನ ಮುಖ್ಯ ಫೈಲುಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಯಂತ್ರದಿಂದ ಕಳಚಿ ಪೆಟ್ಟಿಗೆಯಲ್ಲಿಡಲಿ.