ಹತ್ತುವ ಮುನ್ನ ಗುಡ್ಡವನ್ನು ಅರಿಯೋಣ

ಮಳೆಗಾಲ ಮುಗಿದು ಬಿಳಿಜೋಳದ ಬಿತ್ತನೆಯಾಗುವ ಹೊತ್ತಿಗೆ ನಮ್ಮ ಸೀಮೆಯ ಗುಡ್ಡಗಳತ್ತ ಜನ ಹೊರಳುತ್ತಾರೆ. ಯಾದಗಿರಿಯ ಕೋಟೆಗುಡ್ಡ, ದೂರದಿಂದ ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟಸಾಲು, ಸುರಪುರವನ್ನು ಸುತ್ತುವರಿದ ಕಲ್ಲುಗುಡ್ಡಗಳು ಸಹ್ಯಾದ್ರಿಯ ಶಿಖರಗಳಷ್ಟು ಎತ್ತರದವಲ್ಲ. ನಸುಕಿನಲ್ಲಿ ರೊಟ್ಟಿಬುತ್ತಿ ಕಟ್ಟಿಕೊಂಡು ಹೊರಟವರು ಹೊತ್ತು ಮುಳುಗುವ ಮುನ್ನ ಮನೆ ಸೇರಬಹುದು. ಈ ಸುಲಭತೆ ಸಂತೋಷದ ಸಂಗತಿ. ಎಚ್ಚರ ತಪ್ಪಿದರೆ ಅದೇ ಅಪಾಯಕ್ಕೂ ದಾರಿಯಾದೀತು.

ಎತ್ತರದ ಶಿಖರಗಳಲ್ಲಿ ಆದದ್ದನ್ನು ನೆನೆಯೋಣ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಂದು, 1712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಸಾವಿರಾರು ಜನ ಏಕಕಾಲಕ್ಕೆ ನುಗ್ಗಿದರು. ಕಾಡಿನ ಕಾಲುದಾರಿ ಜಾತ್ರೆಯ ಬೀದಿಯಂತಾಯಿತು. ಆನಂತರವಷ್ಟೇ ಸರ್ಕಾರ ಆನ್‌ಲೈನ್ ನೋಂದಣಿಯಿಲ್ಲದ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರೆಂಬ ಮಿತಿಯೊಡನೆ ಟಿಕೆಟ್ ವ್ಯವಸ್ಥೆ ಬಂದಿತು. ನೂಕುನುಗ್ಗಲು ಮೊದಲು, ನಿಯಮ ಆಮೇಲೆ. ನಮ್ಮ ಗುಡ್ಡಗಳಲ್ಲಿ ಈ ಕ್ರಮ ಹಿಂದುಮುಂದಾಗಬೇಕು.

ಹಾಗಾದರೆ ಹೊರಗಿನವರು ಬರುವುದೇ ಬೇಡವೆನ್ನೋಣವೇ? ಕೆಲವು ಹಿರಿಯರ ಅಭಿಪ್ರಾಯ ಅದೇ. ಅವರ ನೋವು ನಮಗೆ ಅರ್ಥವಾಗುತ್ತದೆ. ಆದರೆ ನಾವು ಅದನ್ನು ಒಪ್ಪಲಾರೆವು. ಯಾರೂ ಹತ್ತದ, ಯಾರೂ ಹೆಸರಿಟ್ಟು ಕರೆಯದ ಗುಡ್ಡ ಕಾಗದಪತ್ರದಲ್ಲಿ ಬರಿಯ ಕಲ್ಲಿನ ರಾಶಿಯಾಗಿ ಉಳಿಯುತ್ತದೆ. ಜಲ್ಲಿಯ ಕ್ರಷರ್ ಮೊದಲು ಹುಡುಕಿಕೊಂಡು ಬರುವುದು ಅಂಥದ್ದನ್ನೇ. ಬಲ್ಲವರಿರುವ ಗುಡ್ಡಕ್ಕೆ ಕೇಳುವವರಿರುತ್ತಾರೆ.

ಬಲ್ಲವರಾಗುವುದಕ್ಕೆ ಇಲ್ಲಿ ಬೇಕಾದಷ್ಟಿದೆ. ನಮ್ಮ ಕಾಲಡಿಯ ಬೆಣಚುಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಹುಣಸಗಿ-ಬೈಚಬಾಳ ಕಣಿವೆಯ ಇಸಾಂಪುರದಲ್ಲಿ ಆದಿಮಾನವ ಕಲ್ಲಿನ ಆಯುಧಗಳನ್ನು ತಯಾರಿಸಿದ ನೆಲೆ ದೊರೆತಿದೆ. ವಾಗಿನಗೇರಾ ಕೋಟೆಯನ್ನು 1705ರಲ್ಲಿ ಔರಂಗಜೇಬನೇ ಬಂದು ಮುತ್ತಿದ. ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಕಟ್ಟಿಸಿದ ಮನೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಪ್ರಸಿದ್ಧ. ಒಂದೇ ದಿನದ ನಡಿಗೆಯಲ್ಲಿ ಇಷ್ಟೊಂದು ಕಾಲವನ್ನು ದಾಟಿಸುವ ನೆಲ ನಾಡಿನಲ್ಲಿ ಹೆಚ್ಚಿಲ್ಲ.

ಇದೆಲ್ಲಕ್ಕಿಂತ ಮಿಗಿಲಾದದ್ದು ನೀರು. ಬೋಳುಬಂಡೆಯ ಮೇಲೆ ಬಿದ್ದ ಮಳೆ ಜಾರಿ ಬಿರುಕುಗಳಿಗೆ ಇಳಿಯುತ್ತದೆ. ಬಿರುಕಿನ ಮಣ್ಣು, ಹುಲ್ಲು, ಪೊದೆಗಳು ಅದರ ವೇಗವನ್ನು ತಗ್ಗಿಸುತ್ತವೆ. ತಪ್ಪಲಿನ ಮಣ್ಣಿನಲ್ಲಿ ಇಂಗಿ ಅದು ಊರಿನ ಬಾವಿಗೆ, ಕೆರೆಗೆ ಸೇರುತ್ತದೆ. ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿಯಿಂದ ಹುಲ್ಲು ಸುಟ್ಟರೆ, ಮುಂದಿನ ಮಳೆಯಲ್ಲಿ ಬರಿದಾದ ಮಣ್ಣು ಕೊಚ್ಚಿಹೋಗಿ ಕೆರೆಯ ಹೂಳಾಗುತ್ತದೆ. ಮೇಲೆ ಎಸೆದ ಪ್ಲಾಸ್ಟಿಕ್ ಚೀಲವೂ ಅದೇ ದಾರಿ ಹಿಡಿದು ಕೆಳಗೆ ಬರುತ್ತದೆ. ಬಂದವರು ಸಂಜೆಗೆ ಮರಳುತ್ತಾರೆ. ನೀರು ಕುಡಿಯುವವರು ನಾವು.

ಆದ್ದರಿಂದ ಗುಡ್ಡದ ಊರುಗಳು ತಾವೇ ಮುಂದಾಗಿ ಕೆಲವು ಕಟ್ಟಳೆಗಳನ್ನು ಮಾಡಿಕೊಳ್ಳಬೇಕು. ಹತ್ತಲು ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಸಾಕು. ಏಪ್ರಿಲ್-ಮೇ ತಿಂಗಳುಗಳಲ್ಲಿ ಇಲ್ಲಿನ ಬಿಸಿಲು ನಲವತ್ತು ಡಿಗ್ರಿಯನ್ನು ಮೀರುತ್ತದೆ, ಕಾದ ಬಂಡೆ ಸಂಜೆಯಾದರೂ ಆರುವುದಿಲ್ಲ. ನೆರಳಿಲ್ಲದ ಆ ದಾರಿಯಲ್ಲಿ ಪ್ರಾಣಕ್ಕೇ ಸಂಚಕಾರ. ಒಂದು ತಂಡಕ್ಕೆ ಇಪ್ಪತ್ತು ಜನ ಮೀರದಿರಲಿ. ದಾರಿ ತೋರುವವರು ಆಯಾ ಊರಿನವರೇ ಆಗಿರಲಿ, ಅವರಿಗೆ ದಿನಗೂಲಿ ಸಲ್ಲಲಿ. ಪ್ರತಿಯೊಬ್ಬರೂ ಮೂರು ಲೀಟರ್ ನೀರು ಒಯ್ಯಲಿ, ಕಸವನ್ನು ತಮ್ಮ ಚೀಲದಲ್ಲಿಯೇ ಮರಳಿ ತರಲಿ. ಬೆಂಕಿ ಹೊತ್ತಿಸುವಂತಿಲ್ಲ, ಬಂಡೆಯ ಮೇಲೆ ಹೆಸರು ಬರೆಯುವಂತಿಲ್ಲ, ಹೊತ್ತು ಮುಳುಗಿದ ಮೇಲೆ ಗುಡ್ಡದಲ್ಲಿ ಉಳಿಯುವಂತಿಲ್ಲ. ಇವನ್ನು ಗ್ರಾಮಸಭೆಯಲ್ಲಿ ಠರಾವಾಗಿ ಬರೆಸಬೇಕು. ಬಾಯಿಮಾತಿನ ಕಟ್ಟಳೆ ಹೆಚ್ಚು ದಿನ ನಿಲ್ಲದು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಮುಂದಿನ ಸಲ ಗುಡ್ಡ ಹತ್ತುವಾಗ ಮೊಬೈಲಿನ ಜೊತೆಗೆ ಒಂದು ನೋಟುಬುಕ್ಕೂ ನಿಮ್ಮ ಕೈಯಲ್ಲಿರಲಿ. ಯಾವ ಕೊಳದಲ್ಲಿ ಎಷ್ಟು ತಿಂಗಳು ನೀರು ನಿಂತಿತು, ಯಾವ ಹಕ್ಕಿ ಕಂಡಿತು, ಯಾವ ಗಿಡಕ್ಕೆ ಅಜ್ಜಿ ಏನೆಂದು ಕರೆಯುತ್ತಾಳೆ, ಎಲ್ಲಿ ಹೊಸದಾಗಿ ಕಲ್ಲು ಒಡೆದಿದ್ದಾರೆ ಎಂಬುದನ್ನು ದಿನಾಂಕ ಸಹಿತ ಬರೆದಿಡಿ. ನಾಳೆ ಗುಡ್ಡದ ಪರವಾಗಿ ಯಾವುದಾದರೂ ಕಚೇರಿಯ ಮುಂದೆ ನಿಲ್ಲಬೇಕಾಗಿ ಬಂದಾಗ, ನಮ್ಮ ಕೈಯಲ್ಲಿರುವ ಸಾಕ್ಷ್ಯ ಅದೊಂದೇ.