ಬಿಪಿ, ಶುಗರ್ ಜೊತೆಗೆ ನಾಲಿಗೆಯ ಬಲವನ್ನೂ ಅಳೆಯಿರಿ

ಹಿರಿಯರೇ, ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರೇ,

ಊರಿಗೆ ಆರೋಗ್ಯ ಶಿಬಿರ ಬಂದರೆ ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ಕಣ್ಣಿಗೆ ಟಾರ್ಚ್ ಬಿಟ್ಟು ಪೊರೆ ಬಂದಿದೆಯೇ ಎಂದು ಪರೀಕ್ಷಿಸುತ್ತಾರೆ. ಊಟ ನುಂಗಲು ಕಷ್ಟವಾಗುತ್ತಿದೆಯೇ ಎಂದು ಕೇಳುವವರು ಅಪರೂಪ. 60 ದಾಟಿದವರ ತಪಾಸಣೆಯಲ್ಲಿ ನಾಲಿಗೆಯ ಬಲವನ್ನೂ ಅಳೆಯಬೇಕೆಂಬುದು ನಮ್ಮ ಒತ್ತಾಯ.

ತುತ್ತನ್ನು ಅಂಗುಳಿಗೆ ಒತ್ತಿ ಗಂಟಲಿಗೆ ದೂಡುವುದು ನಾಲಿಗೆಯೇ. ಅದೂ ಮಾಂಸಖಂಡ, ವಯಸ್ಸಾದಂತೆ ತೋಳು, ತೊಡೆ ಸೊರಗುವ ಹಾಗೆ ಸೊರಗುತ್ತದೆ. ಆದರೆ ನುಂಗಲು ಬೇಕಾದ ಒತ್ತಡ 30ರ ವಯಸ್ಸಿನಲ್ಲಿ ಎಷ್ಟೋ 75ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಕುಗ್ಗುವುದು ಅದರಾಚೆಗಿನ ಹೆಚ್ಚುವರಿ ಶಕ್ತಿ. ದಿನದ ಖರ್ಚು ಸಾಗುತ್ತಿರುವ ತನಕ ಕೂಡಿಟ್ಟ ಗಂಟು ಕರಗುತ್ತಿರುವುದು ಮನೆಯವರಿಗೆ ತಿಳಿಯುವುದಿಲ್ಲ. ಜ್ವರ ಬಂದು ವಾರಗಟ್ಟಲೆ ಮಲಗಿದಾಗ, ಲಕ್ವ ಹೊಡೆದಾಗ ಕೊರತೆ ಬಯಲಾಗುತ್ತದೆ. ಅನ್ನ, ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾಕ್ಕೆ ತಿರುಗಿದರೆ ಜೀವಕ್ಕೇ ಅಪಾಯ.

ಮುದ್ದೆ ನುಂಗಿಯೇ ಬದುಕಿದ ಅಜ್ಜ ಈಗೀಗ "ಸೇರಲ್ಲ ಕಣಮ್ಮ" ಎಂದು ತೆಳ್ಳನೆಯ ಗಂಜಿ ಕೇಳುತ್ತಾರೆ. ಒಂದು ಮಾತ್ರೆಗೆ ಮೂರು ಲೋಟ ನೀರು ಕುಡಿಯುತ್ತಾರೆ. ಕಾಫಿ ಗುಟುಕರಿಸಿದರೆ ಕೆಮ್ಮು. "ಯಾರೋ ನೆನೆಸ್ಕೊಂಡ್ರು" ಎಂದು ನೆತ್ತಿ ತಟ್ಟಿ ನಾವು ಸುಮ್ಮನಾಗುತ್ತೇವೆ. ಇದು ಪದೇ ಪದೇ ಆಗುತ್ತಿದ್ದರೆ ಸುಮ್ಮನಾಗುವ ವಿಷಯವಲ್ಲ.

ಅಳೆಯುವುದು ಸುಲಭ. ಗಾಳಿ ತುಂಬಿದ ಪುಟ್ಟ ಬಲೂನನ್ನು ನಾಲಿಗೆಯ ಮೇಲಿಟ್ಟು ಅಂಗುಳಿಗೆ ಶಕ್ತಿಯಿದ್ದಷ್ಟು ಒತ್ತಿಸುತ್ತಾರೆ. ಯಂತ್ರ ಕಿಲೋಪ್ಯಾಸ್ಕಲ್‌ನಲ್ಲಿ ಅಂಕಿ ತೋರಿಸುತ್ತದೆ. ಸೂಜಿಯಿಲ್ಲ, ನೋವಿಲ್ಲ. ಜಪಾನಿನ ವೈದ್ಯರು 30ಕ್ಕಿಂತ ಕಡಿಮೆ ಬಂದರೆ ನಾಲಿಗೆ ಬಲಗುಂದಿದೆ ಎಂದು ಲೆಕ್ಕ ಹಾಕುತ್ತಾರೆ. ಬಾಯಿಯ ಕಾರ್ಯಶಕ್ತಿ ಕುಂದುವುದನ್ನು 2018ರಲ್ಲೇ ಆ ದೇಶ ಆರೋಗ್ಯ ವಿಮೆಯೊಳಗೆ ತಂದಿದೆ.

ವಯಸ್ಸಾದ ಮೇಲೆ ಅಳೆದು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅಮೆರಿಕದ ಸಂಶೋಧಕರು 70 ದಾಟಿದ ಆರೋಗ್ಯವಂತರಿಗೆ 8 ವಾರ ನಾಲಿಗೆಯ ವ್ಯಾಯಾಮ ಮಾಡಿಸಿದರು. ಎಲ್ಲರ ಒತ್ತುಬಲವೂ ಹೆಚ್ಚಿತು. ಅದು 10 ಮಂದಿಯ ಸಣ್ಣ ಅಧ್ಯಯನ, ನಿಜ. ಆದರೂ ಸೊರಗಿದ ನಾಲಿಗೆ ಮತ್ತೆ ಬಲಗೊಳ್ಳಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಯಂತ್ರ ತೋರಿಸುವ ಅಂಕಿಯೊಂದರಿಂದಲೇ ರೋಗ ನಿರ್ಧಾರವಾಗದು. ಆದರೆ ಯಾರನ್ನು ತಜ್ಞರ ಬಳಿ ಕಳಿಸಬೇಕೆಂದು ತಿಳಿಯುತ್ತದೆ.

ಯಂತ್ರ ಬರುವವರೆಗೆ ಕೈಗಡಿಯಾರ ಸಾಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಉಗುಳು ನುಂಗಲು ಆಗುತ್ತದೆ ಎಂದು ಎಣಿಸಿ. ಮೂರು ಸಲವೂ ಆಗದಿದ್ದರೆ ವೈದ್ಯರಿಗೆ ತಿಳಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗೆ ತಪಾಸಣೆ, ಚಿಕಿತ್ಸೆ ಇದೆ. ಮುಂದಿನ ಶಿಬಿರದಲ್ಲಿ ಬಿಪಿ ಪಟ್ಟಿ ಬಿಚ್ಚಿದ ಕೂಡಲೇ ಎದ್ದು ಬರಬೇಡಿ. ನಾಲಿಗೆಯ ಬಲವನ್ನೂ ನೋಡಿ ಎಂದು ಕೇಳಿ.