ಮತ್ತೆ ಹಡಗು ಕಟ್ಟುವ ಮಾತು

ಬೆಳಗಿನ ಕಾಫಿಗೆಂದು ಒಲೆ ಹೊತ್ತಿಸುವ ಬೆಂಗಳೂರಿನ ಗೃಹಿಣಿಗೆ ಸಮುದ್ರದ ನೆನಪು ಬರುವ ಸಂಭವ ಕಡಿಮೆ. ಆದರೂ ಈ ದೇಶದ ಒಲೆಗಳಲ್ಲಿ ಉರಿಯುವ ಅನಿಲದ ದೊಡ್ಡ ಪಾಲು ಪರದೇಶಗಳಿಂದ ಹಡಗನ್ನೇರಿ ಬಂದು, ಪಣಂಬೂರಿನಂಥ ಬಂದರುಗಳಲ್ಲಿ ಇಳಿದು, ಅಲ್ಲಿಂದ ಘಟ್ಟ ಹತ್ತಿದುದು. ಒಗ್ಗರಣೆಯ ಎಣ್ಣೆಯ ಕಥೆಯೂ ಬಹುಮಟ್ಟಿಗೆ ಅದೇ. ಯಜಮಾನರ ಸ್ಕೂಟರಿನ ಪೆಟ್ರೋಲಿನದೂ ಅದೇ. ತೂಕದ ಲೆಕ್ಕ ಹಿಡಿದರೆ ಭಾರತದ ವಿದೇಶ ವ್ಯಾಪಾರದ ಸುಮಾರು ಶೇಕಡ 95ರಷ್ಟು ಸಾಗುವುದು ಜಲಮಾರ್ಗದಲ್ಲಿಯೇ.

ಸಾಗಿಸುವ ಹಡಗು ಯಾರದು? ಒಂದು ಕಾಲಕ್ಕೆ ಈ ವ್ಯಾಪಾರದಲ್ಲಿ ಶೇಕಡ 40ರಷ್ಟಿದ್ದ ಭಾರತೀಯ ಹಡಗುಗಳ ಪಾಲು ಈಗ ಶೇಕಡ 5ರ ಆಸುಪಾಸಿಗೆ ಇಳಿದಿದೆ. ಪರದೇಶದ ಹಡಗು ಕಂಪನಿಗಳಿಗೆ ವರ್ಷಕ್ಕೆ ಸುಮಾರು 6 ಲಕ್ಷ ಕೋಟಿ ರೂಪಾಯಿ ಬಾಡಿಗೆ ಸಲ್ಲುತ್ತಿದೆಯೆಂದು 2025ರ ಸೆಪ್ಟೆಂಬರಿನಲ್ಲಿ ಭಾವನಗರದ ಸಭೆಯೊಂದರಲ್ಲಿ ಪ್ರಧಾನಮಂತ್ರಿಗಳೇ ಹೇಳಿದರು. ಆ ಹಡಗುಗಳನ್ನು ಕಟ್ಟುವವರು ಯಾರೆಂದು ಕೇಳಿದರಂತೂ ಉತ್ತರ ಇನ್ನೂ ಚಿಕ್ಕದು. ಚೀನ, ದಕ್ಷಿಣ ಕೊರಿಯ, ಜಪಾನ್ ಈ ಮೂರು ದೇಶಗಳೇ ಜಗತ್ತಿನ ಹಡಗುಗಳ ಶೇಕಡ 90ಕ್ಕೂ ಮಿಗಿಲಾದ ಭಾಗವನ್ನು ಕಟ್ಟುತ್ತವೆ. ಭಾರತದ ಪಾಲು ಶೇಕಡ 1ನ್ನೂ ಮುಟ್ಟಿಲ್ಲ.

ಈ ಸ್ಥಿತಿಯನ್ನು ತಿದ್ದಬೇಕೆಂದು 2025ರ ಸೆಪ್ಟೆಂಬರ್ 24ರಂದು ಕೇಂದ್ರ ಸಂಪುಟವು 69,725 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ವರ್ಷಕ್ಕೆ 45 ಲಕ್ಷ ಟನ್ ಗಾತ್ರದ ಹಡಗು ಕಟ್ಟುವ ಸಾಮರ್ಥ್ಯವನ್ನು ಗಳಿಸುವುದೂ, ಸಮುದ್ರದಂಡೆಯಲ್ಲಿ ದೊಡ್ಡ ದೊಡ್ಡ ಹಡಗುಕಟ್ಟೆಗಳ ಸಮುಚ್ಚಯಗಳನ್ನು ನಿರ್ಮಿಸುವುದೂ ಅದರ ಗುರಿಗಳು. ಅದೇ ತಿಂಗಳಲ್ಲಿ ಕೊಚ್ಚಿಯ ಹಡಗುಕಟ್ಟೆಯೂ ಮುಂಬಯಿಯ ಮಜಗಾಂವ್ ಡಾಕೂ ತಮಿಳುನಾಡಿನ ತೂತ್ತುಕುಡಿಯಲ್ಲಿ ತಲಾ 15,000 ಕೋಟಿ ರೂಪಾಯಿ ತೊಡಗಿಸುವ ಉದ್ದೇಶದ ಒಪ್ಪಂದ ಪತ್ರಗಳಿಗೆ ಸಹಿ ಹಾಕಿದವು.

ತೂತ್ತುಕುಡಿ ಎಂದೊಡನೆ ಒಂದು ಹಳೆಯ ಕಥೆ ನೆನಪಾಗದಿರದು.

* * *

1906ರಲ್ಲಿ ಆ ಊರಿನ ವಕೀಲ ವಿ.ಓ. ಚಿದಂಬರಂ ಪಿಳ್ಳೆಯವರು ಸ್ವದೇಶಿ ಹಡಗು ಕಂಪನಿಯೊಂದನ್ನು ಸ್ಥಾಪಿಸಿದರು. ತೂತ್ತುಕುಡಿಗೂ ಕೊಲಂಬೋಗೂ ನಡುವಣ ಸಾಗಾಟ ಆಗ ಇಂಗ್ಲಿಷರ ಕಂಪನಿಯ ಕೈಯಲ್ಲಿತ್ತು. ಪಿಳ್ಳೆಯವರು ಊರೂರು ಅಲೆದು ಷೇರು ಮಾರಿ, ಯೂರೋಪಿನಿಂದ ಎರಡು ಹಬೆಯ ಹಡಗುಗಳನ್ನು ಕೊಂಡು ತಂದರು. ಎದುರಾಳಿಗಳು ದರ ಇಳಿಸಿದರು. ತಮ್ಮ ಹಡಗಿಗೆ ಬಂದವರಿಗೆ ಬಿಟ್ಟಿ ಕೊಡೆ ಹಂಚಿದರೆಂಬ ಮಾತೂ ಆ ಸೀಮೆಯಲ್ಲಿ ಪ್ರಚಲಿತವಾಗಿದೆ. 1908ರಲ್ಲಿ ಪಿಳ್ಳೆಯವರನ್ನು ರಾಜದ್ರೋಹದ ಆಪಾದನೆಯ ಮೇಲೆ ಸೆರೆಗೆ ತಳ್ಳಲಾಯಿತು. ಕೊಯಮತ್ತೂರಿನ ಜೈಲಿನಲ್ಲಿ ಎತ್ತಿನ ಬದಲು ಅವರನ್ನು ಎಣ್ಣೆಯ ಗಾಣಕ್ಕೆ ಕಟ್ಟಿದರು. 1912ರ ಕೊನೆಯಲ್ಲಿ ಅವರು ಹೊರಬರುವಷ್ಟರಲ್ಲಿ ಕಂಪನಿ ಮುಚ್ಚಿಹೋಗಿತ್ತು, ಹಡಗುಗಳು ಮಾರಾಟವಾಗಿದ್ದವು. ಇಂದು ತೂತ್ತುಕುಡಿಯ ಬಂದರಿಗೆ ಅವರದೇ ಹೆಸರು.

ಈ ಕಥೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿಯೊಂದಿದೆ. ಕಂಪನಿ ಸ್ವದೇಶಿಯಾಗಿದ್ದರೂ ಹಡಗು ಸ್ವದೇಶಿಯಾಗಿರಲಿಲ್ಲ. ಹಡಗು ಓಡಿಸುವ ಛಲವುಳ್ಳವರು ಇಲ್ಲಿದ್ದರು. ಉಕ್ಕಿನ ಹಬೆಯ ಹಡಗನ್ನು ಕಟ್ಟಿಕೊಡುವ ಕಟ್ಟೆ ಇರಲಿಲ್ಲ.

ಅದಕ್ಕೂ ಮುಂಚೆ ಹೀಗಿರಲಿಲ್ಲವೆಂಬುದೇ ವಿಷಾದದ ವಿಷಯ. 1736ರಲ್ಲಿ ಸೂರತ್ತಿನಿಂದ ಮುಂಬಯಿಗೆ ಬಂದ ಲವ್ಜಿ ನಸರ್ವಾನ್‌ಜಿ ವಾಡಿಯಾ ಎಂಬ ಪಾರಸಿ ಬಡಗಿಯ ವಂಶಜರು ಬ್ರಿಟಿಷ್ ನೌಕಾಪಡೆಗೇ ಯುದ್ಧನೌಕೆಗಳನ್ನು ಕಟ್ಟಿಕೊಟ್ಟರು. ಮಲಬಾರು, ಕೆನರಾ ಕಾಡುಗಳ ತೇಗದ ಮರ ಈ ಕರಾವಳಿಯ ಹಡಗು ಕೆಲಸಕ್ಕೆ ಒದಗುತ್ತಿತ್ತು. 1817ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ ಎಂಬ ನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ಈಗಲೂ ತೇಲುತ್ತಿದೆ. ಮರ ಹೋಗಿ ಉಕ್ಕು ಬಂತು, ಹಾಯಿ ಹೋಗಿ ಹಬೆಯಂತ್ರ ಬಂತು. ಆ ಬದಲಾವಣೆಯ ಕಾಲದಲ್ಲಿ ದೇಶದ ಆಡಳಿತ ಪರರ ಕೈಯಲ್ಲಿತ್ತು. ಹಡಗು ಕಟ್ಟುವವರ ಕೈಗೆ ಹೊಸ ವಿದ್ಯೆ ಬರಲಿಲ್ಲ.

ಆ ಕೊರತೆಯನ್ನು ನೀಗಲು ಹೊರಟವರು ವಾಲಚಂದ್ ಹೀರಾಚಂದ್. ಅವರ ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನು ದೇಶವು ಇಂದಿಗೂ ನೌಕಾಯಾನದ ದಿನವಾಗಿ ಆಚರಿಸುತ್ತದೆ. 1941ರ ಜೂನ್ 21ರಂದು ವಿಶಾಖಪಟ್ಟಣದಲ್ಲಿ ಅವರ ಹಡಗುಕಟ್ಟೆಗೆ ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲನ್ನಿಟ್ಟರು. 1948ರ ಮಾರ್ಚ್ 14ರಂದು ಅಲ್ಲಿ ಕಟ್ಟಿದ ‘ಜಲ ಉಷಾ’ ಎಂಬ ಹಡಗನ್ನು ಜವಾಹರಲಾಲ್ ನೆಹರೂ ಅವರು ನೀರಿಗಿಳಿಸಿದಾಗ, ಸ್ವತಂತ್ರ ಭಾರತಕ್ಕೆ ಸಮುದ್ರದಲ್ಲಿ ನಿಜವಾಗಿಯೂ ಬೆಳಗಾಯಿತೆಂದೇ ಜನ ಭಾವಿಸಿದರು.

ಆ ಬೆಳಗು ಮಧ್ಯಾಹ್ನವಾಗಲಿಲ್ಲ. ವಿಶಾಖಪಟ್ಟಣದಲ್ಲಿ ಕಟ್ಟಿದ ಹಡಗಿಗೆ ಪರದೇಶದ ಹಡಗಿಗಿಂತ ಹೆಚ್ಚು ಬೆಲೆ ಬೀಳುತ್ತಿತ್ತು. ಯಂತ್ರಗಳು ಹೊರಗಿನಿಂದ ಬರಬೇಕಿತ್ತು. ಒಂದು ಹಡಗು ಮುಗಿದ ಮೇಲೆ ಇನ್ನೊಂದರ ಆರ್ಡರು ಯಾವಾಗ ಬರುವುದೆಂಬುದೇ ಅನಿಶ್ಚಿತವಾಗಿತ್ತು. 1952ರಲ್ಲಿ ಸರಕಾರ ಅದರ ದೊಡ್ಡ ಪಾಲನ್ನು ವಹಿಸಿಕೊಂಡಿತು, 1961ರಲ್ಲಿ ಪೂರ್ಣವಾಗಿ ತನ್ನದಾಗಿಸಿಕೊಂಡಿತು. ಒಡೆತನ ಬದಲಾದರೂ ತೊಂದರೆಗಳು ಬದಲಾಗಲಿಲ್ಲ.

ಇದೇ ವಾಲಚಂದರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೂ ಆರಂಭಿಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಅದು ಬೆಳೆದು ಹಿಂದುಸ್ತಾನ್ ಏರೋನಾಟಿಕ್ಸ್ ಆಯಿತು. ಅದಕ್ಕೆ ವಾಯುಪಡೆಯೆಂಬ ಖಚಿತ ಗಿರಾಕಿ ದೊರೆಯಿತು. ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಗಳೂ ಕೆಲಸ ಕಲಿಸುವ ಸಂಸ್ಥೆಗಳೂ ಊರಿನಲ್ಲಿ ಬೆಳೆದವು. ಸ್ಥಾಪಕರೊಬ್ಬರೇ, ಕಾಲವೂ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ದೊರೆತ ಆಸರೆ ಇನ್ನೊಂದಕ್ಕೆ ದೊರೆಯಲಿಲ್ಲ.

* * *

1972ನೆಯ ವರ್ಷದಲ್ಲಿ ನಡೆದ ಎರಡು ಸಮಾರಂಭಗಳನ್ನು ಒಟ್ಟಿಗಿಟ್ಟು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ.

ಆ ವರ್ಷ ಮಾರ್ಚಿಯಲ್ಲಿ ದಕ್ಷಿಣ ಕೊರಿಯದ ಉಲ್ಸಾನ್ ಎಂಬಲ್ಲಿ ಹ್ಯುಂಡೈ ಕಂಪನಿಯು ಹಡಗುಕಟ್ಟೆಯ ಕೆಲಸಕ್ಕೆ ಗುದ್ದಲಿಪೂಜೆ ಮಾಡಿತು. ಏಪ್ರಿಲ್ 29ರಂದು ಕೊಚ್ಚಿಯಲ್ಲಿ ಇಂದಿರಾ ಗಾಂಧಿಯವರು ಹಡಗುಕಟ್ಟೆಗೆ ಅಡಿಗಲ್ಲು ಹಾಕಿದರು.

ಉಲ್ಸಾನಿನ ಒಡೆಯ ಚುಂಗ್ ಜು-ಯುಂಗ್ ಎಂಬಾತ ಬಡ ರೈತನ ಮಗ. ಅದುವರೆಗೆ ದೊಡ್ಡ ಹಡಗು ಕಟ್ಟಿದವನಲ್ಲ. ಸಾಲಕ್ಕಾಗಿ ಇಂಗ್ಲೆಂಡಿಗೆ ಹೋದಾಗ, ತನ್ನ ದೇಶದ 500 ವಾನ್ ನೋಟಿನ ಮೇಲಿದ್ದ ಹದಿನಾರನೆಯ ಶತಮಾನದ ಯುದ್ಧನೌಕೆಯ ಚಿತ್ರವನ್ನು ತೋರಿಸಿ, ಹಡಗಿನ ವಿದ್ಯೆ ತನ್ನವರಿಗೆ ಹೊಸದಲ್ಲವೆಂದು ವಾದಿಸಿದನಂತೆ. ಅದಕ್ಕಿಂತ ಮುಖ್ಯವಾದುದು ಮುಂದಿನ ಸಂಗತಿ. ಕಟ್ಟೆಗಾಗಿ ಮಣ್ಣು ಅಗೆಯುವ ವೇಳೆಗೆ ಗ್ರೀಸಿನ ಹಡಗು ಒಡೆಯರೊಬ್ಬರಿಂದ ತಲಾ 2,60,000 ಟನ್ ಭಾರ ಹೊರುವ ಎರಡು ತೈಲ ಹಡಗುಗಳ ಆರ್ಡರು ಅವನ ಕೈಯಲ್ಲಿತ್ತು. ಕಟ್ಟೆಯೂ ಹಡಗೂ ಜೊತೆಜೊತೆಯಾಗಿಯೇ ಮೇಲೆದ್ದವು. 1974ರ ಜೂನಿನಲ್ಲಿ ಮೊದಲ ಹಡಗಿಗೆ ನಾಮಕರಣವಾಯಿತು. ಕೊಚ್ಚಿಯ ಮೊದಲ ಹಡಗು, 75,000 ಟನ್ ಭಾರ ಹೊರುವ ‘ರಾಣಿ ಪದ್ಮಿನಿ’, ಒಡೆಯರ ಕೈಸೇರಿದ್ದು 1981ರಲ್ಲಿ.

ಇಷ್ಟೇ ಆಗಿದ್ದರೆ ಅದನ್ನು ಚುರುಕು-ವಿಳಂಬಗಳ ಕಥೆಯೆಂದು ಬಿಡಬಹುದಾಗಿತ್ತು. ಆದರೆ 1973ರಲ್ಲಿ ತೈಲದ ಬೆಲೆ ಏರಿ ಜಗತ್ತಿನ ವ್ಯಾಪಾರವೆಲ್ಲ ಕುಗ್ಗಿದಾಗ, ಉಲ್ಸಾನಿನಲ್ಲಿ ಕಟ್ಟುತ್ತಿದ್ದ ಕೆಲವು ಹಡಗುಗಳನ್ನು ಕೊಳ್ಳುವವರು ಬೇಡವೆಂದುಬಿಟ್ಟರು. ಹ್ಯುಂಡೈ 1976ರಲ್ಲಿ ತಾನೇ ಒಂದು ಹಡಗು ಕಂಪನಿಯನ್ನು ತೆರೆದು, ತಿರಸ್ಕೃತವಾದ ಮೂರು ಹಡಗುಗಳನ್ನು ಅದಕ್ಕೆ ಕೊಟ್ಟಿತು. ದೇಶಕ್ಕೆ ಬರುವ ತೈಲ ದೇಶದ ಹಡಗಿನಲ್ಲಿಯೇ ಬರಬೇಕೆಂದು ಅಲ್ಲಿನ ಸರಕಾರ ಒತ್ತಾಸೆಯಾಗಿ ನಿಂತಿತು. 1973ರಲ್ಲಿ ಪೋಹಾಂಗ್‌ನ ಉಕ್ಕಿನ ಕಾರ್ಖಾನೆಯೂ ಕೆಲಸ ಆರಂಭಿಸಿತ್ತು. ಉಕ್ಕು, ಕಟ್ಟೆ, ಹಡಗು, ಸರಕು ಎಲ್ಲವೂ ಒಂದೇ ಸರಪಳಿಯ ಕೊಂಡಿಗಳಾದವು.

ಕೊಚ್ಚಿಯ ಕೆಲಸಗಾರರ ಕೈಯಲ್ಲಿ ದೋಷವಿರಲಿಲ್ಲ. 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿದ 262 ಮೀಟರ್ ಉದ್ದದ ‘ವಿಕ್ರಾಂತ್’ ಅದೇ ಕಟ್ಟೆಯಲ್ಲಿ, ಭಾರತದಲ್ಲಿಯೇ ತಯಾರಾದ ಉಕ್ಕಿನಿಂದ ಹುಟ್ಟಿದುದು. ನೌಕಾಪಡೆಯೆಂಬ ಗಿರಾಕಿ ಎದುರಿಗಿದ್ದಾಗ ವಿಮಾನವಾಹಕ ನೌಕೆಯನ್ನೇ ಕಟ್ಟಬಲ್ಲವರಿಗೆ ಸರಕು ಹಡಗು ಅಸಾಧ್ಯವೆನ್ನಲಾಗದು. 2025ರ ಜುಲೈಯಲ್ಲಿ ಕೊಚ್ಚಿಯ ಕಟ್ಟೆ ಅದೇ ಹ್ಯುಂಡೈ ಬಳಗದ ಸಂಸ್ಥೆಯೊಡನೆ ಸಹಕಾರದ ಒಪ್ಪಂದ ಮಾಡಿಕೊಂಡಿತು. ಒಂದೇ ವಸಂತದಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಬಳಿ ಪಾಠಕ್ಕೆ ಹೋದಂತಾಯಿತು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಪಾಠವನ್ನು ಪೂರ್ತಿಯಾಗಿ ಕಲಿಯುವುದು ಮುಖ್ಯ.

* * *

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಹಡಗು ಕಟ್ಟುವವರ ಪಾಡನ್ನು ಕಂಡಿರಲಿಲ್ಲ. ದೊಡ್ಡ ಹಡಗನ್ನು ಇಂದು ತಳದಿಂದ ಮೇಲಕ್ಕೆ ಹಲಗೆಯ ಮೇಲೆ ಹಲಗೆಯಿಟ್ಟು ಕಟ್ಟುವುದಿಲ್ಲ. ಉಕ್ಕಿನ ತಗಡುಗಳನ್ನು ಕತ್ತರಿಸಿ, ಬೆಸೆದು, ಮನೆಯಷ್ಟೆತ್ತರದ ಭಾಗಗಳನ್ನು ಬೇರೆ ಬೇರೆಯಾಗಿ ಸಿದ್ಧಪಡಿಸುತ್ತಾರೆ. ಅನಂತರ ದೈತ್ಯ ಕ್ರೇನುಗಳಿಂದ ಅವನ್ನು ಎತ್ತಿ, ನೀರನ್ನು ಹೊರಹಾಕಿ ಒಣಗಿಸಬಲ್ಲ ಬೃಹತ್ ಹೊಂಡದಲ್ಲಿ, ಅಂದರೆ ಡ್ರೈ ಡಾಕಿನಲ್ಲಿ, ಜೋಡಿಸುತ್ತಾರೆ. ಕಟ್ಟೆಯ ಅತಿ ದುಬಾರಿಯಾದ ಅಂಗ ಈ ಹೊಂಡ. ಒಂದು ಹಡಗು ಹೊರಟ ಮರುದಿನವೇ ಇನ್ನೊಂದರ ಮೊದಲ ತುಂಡು ಅಲ್ಲಿ ಇಳಿದರೆ ಕಟ್ಟೆಗೆ ಉಸಿರು. ಅದು ಬರಿದಾಗಿ ಬಿದ್ದಿದ್ದರೆ ಸಾಲದ ಬಡ್ಡಿ ಹಗಲಿರುಳು ಬೆಳೆಯುತ್ತದೆ, ನುರಿತ ಬೆಸುಗೆಗಾರ ಬೇರೆ ಕೆಲಸ ಹುಡುಕಿಕೊಂಡು ಕೊಲ್ಲಿಯ ದೇಶಗಳಿಗೆ ಹೋಗುತ್ತಾನೆ. ಹೋದವನ ಕೈಯ ಅನುಭವ ಮತ್ತೆ ದೊರೆಯಲು ಹತ್ತು ವರ್ಷ ಬೇಕು.

ಆದ್ದರಿಂದ ಸಮುಚ್ಚಯವೆಂಬ ಪದಕ್ಕೆ ಕ್ರೇನು, ಹೊಂಡಗಳಷ್ಟೇ ಅರ್ಥವಾಗಬಾರದು. ತಗಡಿನ ಉಕ್ಕು, ಹಡಗಿನ ದೊಡ್ಡ ಎಂಜಿನು, ಪಂಪು, ಕೊಳವೆ, ವೈರು, ಬಣ್ಣ ಇವೆಲ್ಲ ಸಮೀಪದಲ್ಲಿಯೇ ದೊರೆಯಬೇಕು. ಇಂದಿಗೂ ದೊಡ್ಡ ಹಡಗುಗಳ ಎಂಜಿನುಗಳು ಬಹುಪಾಲು ಪೂರ್ವ ಏಷ್ಯದ ಅದೇ ಮೂರು ದೇಶಗಳಲ್ಲಿ ತಯಾರಾಗುತ್ತವೆ. ಎಲ್ಲಕ್ಕೂ ಮಿಗಿಲಾಗಿ ಮನೆಯೊಳಗಿನ ಗಿರಾಕಿ ಬೇಕು. ವರ್ಷವರ್ಷವೂ ಹೊರಗಿನ ಹಡಗುಗಳಿಗೆ ಬಾಡಿಗೆ ತೆರುವ ತೈಲ ಕಂಪನಿಗಳೂ, ಕಲ್ಲಿದ್ದಲು ತರಿಸುವ ವಿದ್ಯುತ್ ಸಂಸ್ಥೆಗಳೂ, ಗೊಬ್ಬರ ಕಂಪನಿಗಳೂ ತಮ್ಮ ಮುಂದಿನ ಹತ್ತು ಹದಿನೈದು ವರ್ಷಗಳ ಅಗತ್ಯವನ್ನು ಒಟ್ಟುಗೂಡಿಸಿ, ಒಂದೇ ಮಾದರಿಯ ಹಡಗುಗಳಿಗೆ ಸಾಲಾಗಿ ಆರ್ಡರು ಕೊಟ್ಟರೆ, ಮೊದಲನೆಯ ಹಡಗಿನಲ್ಲಿ ಆದ ತಪ್ಪು ಐದನೆಯದರಲ್ಲಿ ಮರುಕಳಿಸದು. ಬೆಲೆ ಇಳಿಯುವುದು ಹಾಗೆ.

ಅಗ್ಗವಾಗಿ ಸಿಗುವ ಹಡಗನ್ನು ಹೊರಗೆ ಕೊಳ್ಳುವುದನ್ನು ಬಿಟ್ಟು, ತೆರಿಗೆದಾರನ ಹಣದಿಂದ ದುಬಾರಿ ಹಡಗನ್ನು ಇಲ್ಲಿ ಕಟ್ಟುವುದೇಕೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಹಿಂದೆ ಶೇಕಡ 30ರ ಸಹಾಯಧನದ ಆಸರೆಯಲ್ಲಿ ಖಾಸಗಿ ಕಟ್ಟೆಗಳು ಹಿಗ್ಗಿದ್ದವು. 2007ರ ಆಗಸ್ಟಿನಲ್ಲಿ ಆ ಸಹಾಯ ನಿಂತಿತು. 2008ರಲ್ಲಿ ಜಗತ್ತಿನ ಹಣದ ಮಾರುಕಟ್ಟೆಯೇ ಕುಸಿಯಿತು. ಮುಂದಿನ ವರ್ಷಗಳಲ್ಲಿ ಪಶ್ಚಿಮ ಕರಾವಳಿಯ ದೊಡ್ಡ ದೊಡ್ಡ ಕಟ್ಟೆಗಳು ದಿವಾಳಿಯೆದ್ದವು, ಬ್ಯಾಂಕುಗಳ ಸಾವಿರಾರು ಕೋಟಿ ರೂಪಾಯಿ ಮುಳುಗಿತು. 2016ರಲ್ಲಿ ಮತ್ತೆ ಸಹಾಯ ಆರಂಭವಾಗುವ ಹೊತ್ತಿಗೆ ಬಹಳಷ್ಟು ಕೈಗಳು ಚದರಿಹೋಗಿದ್ದವು. ಈ ಸಲ ಹಡಗಿನ ಬೆಲೆಯಲ್ಲಿ ನೆರವಿಗೆಂದು 24,736 ಕೋಟಿ ರೂಪಾಯಿಯನ್ನು 2036ರ ಮಾರ್ಚಿಯವರೆಗೆ ಮೀಸಲಿಟ್ಟಿರುವುದು ಸಮಾಧಾನದ ಸಂಗತಿ. ಆದರೆ ನೆರವು ಸಲ್ಲಬೇಕಾದುದು ನೀರಿಗಿಳಿದ ಹಡಗಿಗೆ ಹೊರತು ಅಡಿಗಲ್ಲಿಗಲ್ಲ. ಅದು ಎಂದು ಇಳಿಯುವುದು, ಎಂದು ಮುಗಿಯುವುದು ಎಂಬುದೂ ಎಲ್ಲರಿಗೂ ಮೊದಲೇ ತಿಳಿದಿರಬೇಕು.

ಇನ್ನೂ ಒಂದು ಮಾತು. ಸಮುದ್ರದಂಡೆ ಖಾಲಿ ನೆಲವಲ್ಲ. ತೂತ್ತುಕುಡಿಯಲ್ಲಿ ಉಪ್ಪಿನ ಹೊಲಗಳಿವೆ, ದೋಣಿ ನೂಕಿ ಬದುಕುವ ಮೀನುಗಾರರ ಕೇರಿಗಳಿವೆ. ಕಟ್ಟೆಯ ಬೇಲಿ ಏಳುವ ಮುಂಚೆ ಅವರ ದಾರಿ, ಅವರ ದುಡಿಮೆ, ಅವರ ಮಕ್ಕಳಿಗೆ ಕಟ್ಟೆಯಲ್ಲಿ ದೊರೆಯುವ ಕೆಲಸ ಇವು ಬರವಣಿಗೆಯಲ್ಲಿ ನಿಶ್ಚಯವಾಗಬೇಕು. ಅಲೆಯ ನಾಡಿಯನ್ನು ಹುಟ್ಟಿನಿಂದ ಬಲ್ಲವರನ್ನು ದಂಡೆಯಿಂದ ಅಟ್ಟಿ ಹಡಗಿನ ಕೈಗಾರಿಕೆ ಬೆಳೆಸುವುದು ವಿವೇಕವಲ್ಲ.

* * *

ಆಶೆಗೆ ಆಧಾರ ಬೇಕೆಂದರೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಉಡುಪಿಗೆ ಸಮೀಪದ ಮಲ್ಪೆಯಲ್ಲಿ, ಸಾಲದಲ್ಲಿ ಮುಳುಗಿದ್ದ ಹಡಗುಕಟ್ಟೆಯೊಂದನ್ನು 2020ರಲ್ಲಿ ಕೊಚ್ಚಿಯ ಸಂಸ್ಥೆ ಕೊಂಡುಕೊಂಡಿತು. ಅದಕ್ಕೀಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರು. ಬಂದರುಗಳಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಟಗ್ಗುಗಳು ಅಲ್ಲಿ ತಯಾರಾಗುತ್ತವೆ. 2023ರಲ್ಲಿ ನಾರ್ವೆ ದೇಶದ ವಿಲ್ಸನ್ ಎಂಬ ಹಡಗು ಕಂಪನಿ ತಲಾ 3,800 ಟನ್ ಭಾರ ಹೊರುವ ಆರು ಸರಕು ಹಡಗುಗಳಿಗೆ ಆರ್ಡರು ಕೊಟ್ಟಿತು. ತಲೆತಲಾಂತರದಿಂದ ಸಮುದ್ರದೊಡನೆ ಬಾಳಿದ ನಾರ್ವೆಯವರು ಮಲ್ಪೆಯ ಕೆಲಸವನ್ನು ನಂಬಿದರು. ಒಂದೇ ಮಾದರಿಯ ಆರು ಹಡಗುಗಳು ಸಾಲಾಗಿ ಬಂದುದರಿಂದ ಕಟ್ಟೆಗೆ ವರ್ಷಗಟ್ಟಲೆಯ ಕೆಲಸ ಗೊತ್ತಾಯಿತು. ಪ್ರಮಾಣ ಚಿಕ್ಕದು, ರೀತಿ ಸರಿಯಾದುದು.

ಗಾಳಿ ಬಂದಾಗ ತೂರಿಕೋ ಎಂಬುದು ಈ ನಾಡಿನ ರೈತನ ಮಾತು. ಹಡಗಿನ ಪಾಲಿಗೆ ಈಗ ಗಾಳಿ ಬಂದಿದೆ. ಹಣವಿದೆ, ಮನಸ್ಸೂ ಇದ್ದಂತಿದೆ. ಆದರೆ ತೂರುವುದಕ್ಕೆ ಕಣದಲ್ಲಿ ರಾಶಿ ಇರಬೇಕು. ತೂತ್ತುಕುಡಿಯ ಕಟ್ಟೆಗೆ ಅಡಿಗಲ್ಲು ಬೀಳುವ ದಿನ ಗಣ್ಯರು ಯಾರು ಬಂದರೆಂಬುದನ್ನು ಪತ್ರಿಕೆಗಳು ಬರೆಯುತ್ತವೆ. ಆ ದಿನ ಕಟ್ಟೆಯ ಕೈಯಲ್ಲಿ ಎಷ್ಟು ಹಡಗುಗಳ ಆರ್ಡರಿದೆಯೆಂಬುದನ್ನು ವಾಚಕರು ಕೇಳಬೇಕು. ಗಾಣಕ್ಕೆ ಕಟ್ಟಿಸಿಕೊಂಡೂ ಹಡಗಿನ ಕನಸನ್ನು ಬಿಡದ ಆ ವಕೀಲರ ಋಣ ತೀರುವುದು, ಅವರ ಊರಿನಲ್ಲಿ ಕಟ್ಟಿದ ಹಡಗು ಈ ದೇಶದ ಸರಕನ್ನು ಹೊತ್ತು ಹೊರಟ ದಿನ.